ಹಲಸಿನ ಹಲಗೆ, ಗುಜರಿ ತಗಡು: ನನ್ನ ಕಂಪ್ಯೂಟರಿಗೊಂದು ಹೊಸ ಪೆಟ್ಟಿಗೆ

ಸಾಗರದಲ್ಲಿ ನಂದು ಮದುವೆ, ಉಪನಯನದ ವಿಡಿಯೋ ಮಾಡುವ ಕೆಲಸ. ಹಾರ್ಡ್ ಡಿಸ್ಕ್ ನಾಲ್ಕು, ಇದ್ದ ಕ್ಯಾಬಿನೆಟ್‌ನಲ್ಲಿ ಜಾಗ ಎರಡಕ್ಕೆ. ಉಳಿದೆರಡು ಯುಎಸ್‌ಬಿ ವೈರಿನ ತುದಿಯಲ್ಲಿ ಮೇಜಿನ ಮೇಲೆ ಬಿದ್ದಿರುತ್ತಿದ್ದವು. ದೊಡ್ಡ ಕ್ಯಾಬಿನೆಟ್ ನೋಡಿದೆ. ಈಗ ಬರುವ ಹೆಚ್ಚಿನವು ಬರೀ ಗಾಜು, ಬಣ್ಣದ ಲೈಟು, ಡಿಸ್ಕಿಗೆ ಮಾತ್ರ ಅದೇ ಎರಡು ಜಾಗ. ಸುಮ್ನೆ ದುಡ್ಡು ಯಾಕೆ ದಂಡ, ಮಾಡಿಸಿಯೇ ಬಿಡೋಣ ಅಂತ ಹೊರಟೆ.

ಡಿಸ್ಕಿನ ಜಾಗದ ಜೊತೆ ಕಾರ್ಡ್ ಚುಚ್ಚುವ ಸ್ಲಾಟೂ ನನಗೆ ಸಾಲುತ್ತಿರಲಿಲ್ಲ. ಆದರೆ ಪೆಟ್ಟಿಗೆ ಎಷ್ಟು ದೊಡ್ಡದಾದರೂ ಮದರ್‌ಬೋರ್ಡಿನ ಸ್ಲಾಟ್ ಜಾಸ್ತಿ ಆಗಲ್ಲ, ಇದು ಮೊದಲೇ ಗೊತ್ತಿರಲಿ. ನನ್ನದು ಮೈಕ್ರೋ ಎಟಿಎಕ್ಸ್ ಅನ್ನುವ ಸಣ್ಣ ಅಳತೆಯ ಬೋರ್ಡ್, 24.4 ಸೆಂ.ಮೀ. ಚೌಕ, ನಾಲ್ಕು ಸ್ಲಾಟ್. ಗ್ರಾಫಿಕ್ಸ್ ಕಾರ್ಡ್ ದಪ್ಪ ಇರುವುದರಿಂದ ಕೆಳಗಿನ ಸ್ಲಾಟನ್ನೂ ಮುಚ್ಚಿಕೊಂಡು ಕೂತಿತ್ತು. ಆ ಕಾರ್ಡನ್ನು ರೈಸರ್ ಕೇಬಲ್ಲಿನಲ್ಲಿ (ಸ್ಲಾಟನ್ನು ದೂರಕ್ಕೆ ಎಳೆದುಕೊಳ್ಳುವ ವೈರ್) ಬೇರೆ ಕಡೆ ಕೂರಿಸಿದರೆ ಮುಚ್ಚಿಹೋದ ಸ್ಲಾಟ್ ವಾಪಸ್ ಸಿಗುತ್ತದೆ. ಹಾಗೆ ಕೂರಿಸಲು ಜಾಗ ಬೇಕಲ್ವಾ, ದೊಡ್ಡ ಪೆಟ್ಟಿಗೆ ಬೇಕಾಗಿದ್ದು ಅದಕ್ಕೂ ಹೌದು.

ಇಡೀ ಕೆಲಸದಲ್ಲಿ ಕಷ್ಟದ್ದು ಕಾರ್ಡಿನ ತುದಿ ಹೊರಬರುವ ಕಿಂಡಿಗಳಿರುವ ಹಿಂಭಾಗದ ತಗಡು. ಸ್ಲಾಟಿನಿಂದ ಸ್ಲಾಟಿಗೆ ಅಂತರ 20.32 ಮಿ.ಮೀ. ಒಂದೊಂದರಲ್ಲಿ ಅರ್ಧ ಮಿ.ಮೀ. ತಪ್ಪಿದರೂ ನಾಲ್ಕನೆಯದಕ್ಕೆ ಬರುವಾಗ ಕಾರ್ಡ್ ಕೂರುವುದೇ ಇಲ್ಲ, ಬಲವಂತ ಮಾಡಿದರೆ ಸ್ಲಾಟ್ ಬಾಗುತ್ತದೆ. ಇದನ್ನು ಕೈಯಲ್ಲಿ ಕತ್ತರಿಸುವ ಸಾಹಸ ಬೇಡ. ಶಿವಮೊಗ್ಗದ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಒಂದು ಹಳೇ ಎಟಿಎಕ್ಸ್ (ದೊಡ್ಡ ಅಳತೆಯ ಬೋರ್ಡಿನ) ಕ್ಯಾಬಿನೆಟ್ ತಂದೆ. ಬೋರ್ಡ್ ಕೂರುವ ತಟ್ಟೆ, ಹಿಂಭಾಗದ ತಗಡು ಎರಡೂ ಒಂದಕ್ಕೊಂದು ರಿವೆಟ್ ಆಗಿರುತ್ತವೆ. ಆ ರಿವೆಟ್ ಮುಟ್ಟದೆ ಎರಡನ್ನೂ ಒಟ್ಟಿಗೇ ಬಿಡಿಸಿಕೊಳ್ಳುವ ಹಾಗೆ ಸುತ್ತ ಗ್ರೈಂಡರಿನಲ್ಲಿ ಕತ್ತರಿಸಿದೆ. ಅಂಚಿಗೆ ಅರ ಹಾಕಿ ಉಜ್ಜಿದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಎಟಿಎಕ್ಸ್ ತಗಡಿನಲ್ಲಿ ಏಳು ಕಿಂಡಿ, ನನ್ನ ಬೋರ್ಡಿಗೆ ಬೇಕಾದ್ದು ಮೇಲಿನ ನಾಲ್ಕೇ. ಕೆಳಗಿನ ಮೂರರಲ್ಲಿ ಗ್ರಾಫಿಕ್ಸ್ ಕಾರ್ಡ್ ಆರಾಮಾಗಿ ಕೂತಿತು. ರೈಸರಿನ ಸಾಕೆಟ್ ಮಾತ್ರ ಬೋರ್ಡಿನ ಸ್ಲಾಟ್ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಬರಬೇಕು. ಅದಕ್ಕೆ ತಟ್ಟೆಗೆ ತೂತು ಕೊರೆದು ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಸಣ್ಣ ಕಂಬ) ಮೇಲೆ ನಿಲ್ಲಿಸಿದ್ದೇನೆ. ಕಾರ್ಡ್ ಜೆನ್ 4, ರೈಸರ್ ಜೆನ್ 3 ಆಗಿದ್ದರೆ (ಜೆನ್ ಅಂದರೆ ಸ್ಲಾಟಿನ ವೇಗದ ತಲೆಮಾರು) ರೈಸರ್ ಜೋಡಿಸುವ ಮುಂಚೆಯೇ ಬಯೋಸ್‌ನಲ್ಲಿ (ಬೋರ್ಡಿನ ಒಳಗಿನ ಸೆಟ್ಟಿಂಗ್) ಆ ಸ್ಲಾಟನ್ನು ಜೆನ್ 3ಕ್ಕೆ ಇಳಿಸಿಡಿ. ಇಲ್ಲದಿದ್ದರೆ ಪರದೆ ಬರದೇ ಇರಬಹುದು.

ಹೊರಮೈ ಮರದ್ದು. ಹಳೇ ಮನೆ ಕಿತ್ತಾಗ ಉಳಿದ ಹಲಸಿನ ಹಲಗೆ ಅಟ್ಟದಲ್ಲಿತ್ತು. ಅಷ್ಟು ಒಣಗಿದ್ದು ಇನ್ನು ಬಾಗುವ ಭಯ ಕಡಿಮೆ. ಪಕ್ಕದ ಬಾಗಿಲುಗಳಿಗೆ ಪ್ಲೈವುಡ್, ಅದೂ ನೀರು ತಡೆಯುವ ಐಎಸ್ 710 ಗುರುತಿನದ್ದು. ನಮ್ಮ ಮಳೆಗೆ ಮಾಮೂಲಿ ಪ್ಲೈ ನೆನೆದ ಹಪ್ಪಳ. ಆಚಾರ್ರು ನಕ್ಷೆ ತಿರುಗಿಸಿ ತಿರುಗಿಸಿ ನೋಡಿ, "ಎಂತ ಮಾರಾಯ್ರೆ ಇದು, ಕೋಳಿಗೂಡಿಗೂ ಇಷ್ಟು ಕಿಟಕಿ ಇಡಲ್ಲ" ಅಂದರು. ಕಿಟಕಿ ಅಂದಿದ್ದು ಫ್ಯಾನಿನ ತೂತಿಗೆ. 120 ಮಿ.ಮೀ. ಫ್ಯಾನಿನ ಸ್ಕ್ರೂಗಳ ನಡುವೆ 105 ಮಿ.ಮೀ. ಬರಬೇಕು. ಮುಂದೆ ಎರಡು ಫ್ಯಾನ್ ಗಾಳಿ ಒಳಗೆ ಎಳೆಯಲು, ಹಿಂದೆ ಒಂದು ಹೊರಗೆ ದೂಡಲು. ಒಳಗೆ ಬರುವ ಗಾಳಿ ಜಾಸ್ತಿ ಇದ್ದರೆ ಧೂಳು ಸಂದುಗೊಂದಿಯಿಂದ ನುಗ್ಗಲ್ಲ, ಮುಂದಿನ ಜಾಲರಿಯಲ್ಲೇ ನಿಲ್ಲುತ್ತದೆ. ಜಾಲರಿ ಸಣ್ಣ ಕಣ್ಣಿನದ್ದೇ ಬೇಕು, ಹಲ್ಲಿ ಮತ್ತು ಇರುವೆ ಎರಡಕ್ಕೂ ಬೆಚ್ಚಗಿನ ಜಾಗ ಅಂದರೆ ಪ್ರಾಣ.

ಡಿಸ್ಕನ್ನು ನೇರ ಹಲಗೆಗೆ ಬಿಗಿದರೆ ಮರ ಗುಂಯ್ ಅನ್ನುತ್ತದೆ. ಸೈಕಲ್ ಟ್ಯೂಬಿನ ತುಂಡು ನಡುವೆ ಕೊಟ್ಟರೆ ಶಬ್ದ ಅಡಗುತ್ತದೆ. ತಿರುಗಲು ಶುರು ಮಾಡುವ ಹೊತ್ತಿಗೆ ಒಂದೊಂದು ಡಿಸ್ಕ್ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕನ್ನೂ ಒಂದೇ ಅಗ್ಗದ ಸ್ಪ್ಲಿಟರಿಗೆ (ಒಂದು ಲೈನನ್ನು ಹಲವಾಗಿ ಒಡೆಯುವ ವೈರ್) ನೇತುಹಾಕಬೇಡಿ. ಪವರ್ ಸಪ್ಲೈಯಿಂದಲೇ ಬರುವ ಎರಡು ಬೇರೆ ಲೈನಿಗೆ ಹಂಚಿ.

ಅರ್ತಿಂಗ್ ವಿಷಯ ತುಂಬ ಜನ ಮರೆಯುತ್ತಾರೆ. ಕಬ್ಬಿಣದ ಕ್ಯಾಬಿನೆಟ್‌ನಲ್ಲಿ ಪವರ್ ಸಪ್ಲೈಯ ಮೈ, ಬೋರ್ಡಿನ ತಟ್ಟೆ ಎರಡೂ ತಾನಾಗಿಯೇ ಕೂಡಿಕೊಂಡಿರುತ್ತವೆ. ಮರದಲ್ಲಿ ಹಾಗಿಲ್ಲ. ಪವರ್ ಸಪ್ಲೈಯ ಸ್ಕ್ರೂನಿಂದ ತಟ್ಟೆಗೆ ಒಂದು ಹಸಿರು ವೈರ್ ಎಳೆದು ರಿಂಗ್ ಹಾಕಿ ಬಿಗಿದೆ. ಮರ ರೇಡಿಯೋ ಅಲೆಗಳನ್ನೂ ತಡೆಯಲ್ಲ. ಕಂಪ್ಯೂಟರ್ ಹಾಕಿದ ತಕ್ಷಣ ಅಪ್ಪಯ್ಯನ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಕರಕರ ಅನ್ನತೊಡಗಿತು. ಒಳಗೋಡೆಗೆಲ್ಲ ಅಲ್ಯೂಮಿನಿಯಂ ಜಾಲರಿ ಹೊಡೆದು ಅದನ್ನೂ ಅದೇ ಹಸಿರು ವೈರಿಗೆ ಸೇರಿಸಿದ ಮೇಲೆ ವಾರ್ತೆ ಕೇಳುವಷ್ಟಾಯಿತು. ಕರಕರ ಪೂರ್ತಿ ಹೋಗಿಲ್ಲ.

ಮಳೆಗಾಲದಲ್ಲಿ ತೊಂದರೆ ಆಗುವುದು ಯಂತ್ರ ಓಡುವಾಗ ಅಲ್ಲ, ವಾರಗಟ್ಟಲೆ ಆಫ್ ಆಗಿ ತಣ್ಣಗೆ ಕೂತಾಗ. ಕೆಲಸ ಇಲ್ಲದಿದ್ದರೂ ದಿನಾ ಸ್ವಲ್ಪ ಹೊತ್ತು ಆನ್ ಮಾಡಿಡುತ್ತೇನೆ. ಸಿಡಿಲಿನ ದಿನ ಬಿಟ್ಟು. ಅವತ್ತು ಪ್ಲಗ್ ಜೊತೆ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡಬೇಕು.

ಈಗ ನಾಲ್ಕು ಡಿಸ್ಕೂ ಒಳಗೆ, ವಿಡಿಯೋ ಒಳಗೆ ತರುವ ಕ್ಯಾಪ್ಚರ್ ಕಾರ್ಡ್, ಡಿಸ್ಕ್ ಜೋಡಿಸುವ ಸಾಟಾ ಕಾರ್ಡ್ ಹಾಕಿಯೂ ಒಂದು ಸ್ಲಾಟ್ ಖಾಲಿ. ತೂಕ ಮಾತ್ರ ಎತ್ತಲು ಇಬ್ಬರು ಬೇಕು ಅನ್ನುವಷ್ಟು. ಕೆಳಗೆ ಚಕ್ರ ಹಾಕಿಸುವುದಾದರೆ ಬ್ರೇಕ್ ಇರುವುದನ್ನೇ ಹಾಕಿಸಿ, ಡಿಸ್ಕ್ ತಿರುಗುತ್ತಿರುವಾಗ ತಳ್ಳಬೇಡಿ.