ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಆರಿಸುವುದು ಹೇಗೆ?

ತಂಡ ಸೋತ ರಾತ್ರಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕೋಚ್‌ನ ಕಿತ್ತುಹಾಕಿ. ಹನ್ನೊಂದು ಜನರನ್ನು ಬದಲಾಯಿಸುವುದಕ್ಕಿಂತ ಒಬ್ಬರನ್ನು ಬದಲಾಯಿಸುವುದು ಸುಲಭ, ಅಲ್ವಾ? ಭಾರತದ ಪುರುಷರ ತಂಡ 2024ರ ಜೂನ್‌ನಿಂದ 2025ರ ಆಗಸ್ಟ್‌ವರೆಗೆ ಮೂವರು ಕೋಚ್‌ಗಳನ್ನು ಕಂಡಿತು. 2023ರ ಜುಲೈನಲ್ಲಿ ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನದಲ್ಲಿದ್ದ ತಂಡ ಎರಡೇ ವರ್ಷದಲ್ಲಿ 133ಕ್ಕೆ ಜಾರಿತ್ತು. ಹಾಗಾದರೆ ಕೋಚ್ ಹುಡುಕುವ ಕೆಲಸ ಎಲ್ಲಿಂದ ಶುರು ಮಾಡಬೇಕು?

ಮೊದಲು, ನೋವು ಎಲ್ಲಿದೆ ನೋಡಿ

ಅರ್ಜಿ ಕರೆಯುವ ಮುಂಚೆ ಹಳೆ ಪಂದ್ಯಗಳ ವಿಡಿಯೊ ಹಾಕಿಕೊಂಡು ಕೂರಬೇಕು. 2024ರ ಏಷ್ಯನ್ ಕಪ್‌ನಲ್ಲಿ ಭಾರತ ಮೂರು ಪಂದ್ಯ ಆಡಿ ಮೂರನ್ನೂ ಸೋತಿತು. ಹೊಡೆದ ಗೋಲು ಒಂದೂ ಇಲ್ಲ. ಆಗ ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್ ಕೋಚ್. ಅವರ ನಂತರ ಬಂದ ಸ್ಪೇನಿನ ಮನೋಲೊ ಮಾರ್ಕೆಜ್ ಕಾಲದಲ್ಲಿ ಎಂಟು ಪಂದ್ಯಕ್ಕೆ ಒಂದೇ ಗೆಲುವು. ನಿವೃತ್ತಿ ಹೇಳಿದ್ದ ಗೋಲುಗಾರ ಸುನಿಲ್ ಛೆಟ್ರಿಯನ್ನು 40ನೇ ವಯಸ್ಸಲ್ಲಿ ವಾಪಸ್ ಕರೆಸಬೇಕಾಯಿತು. ಕೋಚ್ ಬದಲಾದರೂ ರೋಗ ಅದೇ. ದೇಶದ ಮೇಲ್ಮಟ್ಟದ ಕ್ಲಬ್ ಲೀಗ್ ಐಎಸ್‌ಎಲ್‌ನ ಹೆಚ್ಚಿನ ಕ್ಲಬ್‌ಗಳು ಗೋಲು ಹೊಡೆಯುವ ಜಾಗಕ್ಕೆ ವಿದೇಶಿ ಆಟಗಾರನನ್ನೇ ನಿಲ್ಲಿಸುತ್ತವೆ. ನಮ್ಮ ಹುಡುಗರು ಬೆಂಚಲ್ಲಿ. ಯಾವ ಕೋಚೂ ಸೂಟ್‌ಕೇಸ್‌ನಲ್ಲಿ ಸ್ಟ್ರೈಕರ್ ತರೋದಿಲ್ಲ.

ಆಮೇಲೆ ದಿನ ಎಣಿಸಿ

ಜನ ಮರೆಯುವ ಲೆಕ್ಕ ಇದು. ಕ್ಲಬ್ ಕೋಚ್‌ಗೆ ಆಟಗಾರರು ದಿನಾ ಸಿಗುತ್ತಾರೆ. ದೇಶದ ಕೋಚ್‌ಗೆ ಸಿಗುವುದು ಫಿಫಾ ವಿಂಡೋದಲ್ಲಿ, ಅಂದರೆ ದೇಶಗಳ ಪಂದ್ಯಕ್ಕೆಂದೇ ಫಿಫಾ ಮೀಸಲಿಟ್ಟ ದಿನಗಳಲ್ಲಿ, ಸಾಮಾನ್ಯವಾಗಿ ಒಂದು ಹತ್ತು ದಿನ. ವಿಂಡೋ ಹೊರಗೆ ಶಿಬಿರ ಮಾಡಿದರೆ ಆಟಗಾರರನ್ನು ಕಳಿಸಲೇಬೇಕು ಅಂತ ಕ್ಲಬ್‌ಗಳಿಗೆ ಕಡ್ಡಾಯವಿಲ್ಲ. ಅದಕ್ಕೇ ಆಟದ ಶೈಲಿಯನ್ನೇ ಬದಲಾಯಿಸುತ್ತೇನೆ ಅನ್ನುವವರಿಗಿಂತ, ನಾಲ್ಕು ದಿನದಲ್ಲಿ ಒಂದು ಕಾರ್ನರ್ ಕಿಕ್ ಸರಿಯಾಗಿ ಕಲಿಸುವವರು ಬೇಕು. ಮಾರ್ಕೆಜ್ ಮೊದಲ ಸೀಸನ್ ಪೂರ್ತಿ ಎಫ್‌ಸಿ ಗೋವಾ ಕ್ಲಬ್‌ನ ಕೋಚ್ ಕೂಡ ಆಗಿದ್ದರು. ಎರಡು ದೋಣಿ, ಒಬ್ಬ ಅಂಬಿಗ. ನನ್ನ ಪ್ರಕಾರ ಅದು ನೇಮಿಸಿದವರ ತಪ್ಪು.

ಅರ್ಜಿ ಜರಡಿ ಹಿಡಿಯಿರಿ

2025ರಲ್ಲಿ ಈ ಹುದ್ದೆಗೆ 170 ಅರ್ಜಿ ಬಂದವು. ಅದರಲ್ಲಿ ಜಗತ್ಪ್ರಸಿದ್ಧ ಕೋಚ್‌ಗಳಾದ ಪೆಪ್ ಗಾರ್ಡಿಯೋಲಾ, ಚಾವಿ ಹೆಸರಲ್ಲೂ ಇಮೇಲ್ ಬಂದಿತ್ತು! ಎರಡೂ ನಕಲಿ ಅಂತ ಆಮೇಲೆ ಭಾರತದ ಫುಟ್‌ಬಾಲ್ ಫೆಡರೇಶನ್ನೇ ಹೇಳಿತು. ದೊಡ್ಡ ಹೆಸರು ಕಂಡರೆ ಮೊದಲು ಏಜೆಂಟ್‌ಗೆ ಒಂದು ಫೋನ್ ಮಾಡಿ, ಸಾಕು. ಕೊನೆಗೆ ಉಳಿದವರು ಮೂವರು: ಹಿಂದೆ ಭಾರತದ ಕೋಚ್ ಆಗಿದ್ದ ಸ್ಟೀಫನ್ ಕಾನ್‌ಸ್ಟಂಟೈನ್, ಸ್ಲೊವಾಕಿಯಾದ ಸ್ಟೆಫಾನ್ ಟಾರ್ಕೊವಿಚ್, ನಮ್ಮವರೇ ಆದ ಖಾಲಿದ್ ಜಮೀಲ್.

ಸಂದರ್ಶನದಲ್ಲಿ ನಿಮ್ಮ ಕನಸೇನು ಅಂತ ಸುಮ್ನೆ ಕೇಳಬೇಡಿ. ಕಳೆದ ಪಂದ್ಯದ ವಿಡಿಯೊ ಮತ್ತು 23 ಹೆಸರು ಕೈಗೆ ಕೊಡಿ. ಹನ್ನೊಂದು ಜನ ಯಾರು, ಗೋಲು ಎಲ್ಲಿಂದ ಬರುತ್ತದೆ, ಬೋರ್ಡ್ ಮೇಲೆ ಬರೆದು ತೋರಿಸಲಿ.

ನಮ್ಮವರೋ, ಹೊರಗಿನವರೋ?

ಆಯ್ಕೆಯಾದದ್ದು ಜಮೀಲ್. 2017ರಲ್ಲಿ ಮಿಜೋರಾಂನ ಪುಟ್ಟ ಐಜಾಲ್ ಕ್ಲಬ್‌ಗೆ ರಾಷ್ಟ್ರೀಯ ಕ್ಲಬ್ ಟೂರ್ನಿ ಐ-ಲೀಗ್ ಗೆದ್ದುಕೊಟ್ಟವರು. ಕಡಿಮೆ ಸಾಮಾನಿನಲ್ಲಿ ಅಡುಗೆ ಮಾಡಿ ಗೊತ್ತಿರುವವರು. ಆರಂಭ ಚೆನ್ನಾಗೇ ಇತ್ತು. ತಜಿಕಿಸ್ತಾನವನ್ನು 2-1ರಿಂದ, ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿದರು. ಆದರೆ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದ ಎದುರು 1-2 ಸೋಲು. 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು. ಅರ್ಹತಾ ಸುತ್ತಿನ ನಡುವೆ ಬಂದವರಿಗೆ ಹಿಂದಿನವರ ಸಾಲವೂ ಜೊತೆಗೇ ಬರುತ್ತದೆ.

ಬೆಂಚಿನ ನಡತೆಯೂ ಲೆಕ್ಕಕ್ಕಿರಲಿ. 2023ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ, ಬೆಂಗಳೂರಿನ ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ, ಪಾಕಿಸ್ತಾನದ ಆಟಗಾರ ಥ್ರೋ-ಇನ್‌ಗೆ ಚೆಂಡು ಎತ್ತಿಕೊಂಡ. ಸ್ಟಿಮಾಚ್ ಅವನ ಕೈಯಿಂದ ಅದನ್ನು ತಟ್ಟಿಬಿಟ್ಟರು. ತಳ್ಳಾಟ, ಕೂಗಾಟ, ಕೆಂಪು ಕಾರ್ಡ್. ಭಾರತ 4-0 ಗೆದ್ದ ಪಂದ್ಯದಲ್ಲಿ ಕೋಚ್ ಮಾತ್ರ ಹೊರಗೆ.

ಕೊನೆಗೆ ಕಾಗದ

ಸಹಿ ಹಾಕುವ ದಿನವೇ, ಹೊರಗೆ ಹೋಗುವ ದಾರಿಯನ್ನೂ ಬರೆದಿಡಿ. ಇಂತಿಷ್ಟು ಗುರಿ ಮುಟ್ಟದಿದ್ದರೆ ಇಷ್ಟು ತಿಂಗಳ ಸಂಬಳ, ಅಷ್ಟೇ ಅಂತ. 2026ರವರೆಗೆ ಒಪ್ಪಂದವಿದ್ದ ಸ್ಟಿಮಾಚ್‌ರನ್ನು ತೆಗೆದಾಗ ಜಗಳ ತಿಂಗಳುಗಟ್ಟಲೆ ನಡೆದು, 4 ಲಕ್ಷ ಡಾಲರ್ ಕೊಟ್ಟು ಮುಗಿಸಬೇಕಾಯಿತು. ಮಾರ್ಕೆಜ್ ಮರುವರ್ಷ ಹೊರಟಾಗ ಎರಡೂ ಕಡೆಯವರು ಒಂದು ಪೈಸೆ ಕೇಳಲಿಲ್ಲ.