ಮುರಕಲ್ಲಿನ ಗೋಡೆಗೆ ಮೂವತ್ತು ಮೀಟರ್ ಕೇಬಲ್

ಪುತ್ತೂರಿನ ಹತ್ತಿರ ನಮ್ಮದು ಹಳೇ ಮುರಕಲ್ಲಿನ ಮನೆ. ಫೈಬರ್ ಹಾಕಿಸಿದ್ದು 200 ಎಂಬಿಪಿಎಸ್‌ನದ್ದು. ಚಾವಡಿಯಲ್ಲಿ ರೂಟರ್ ಪಕ್ಕ ಕೂತರೆ ಅಷ್ಟೂ ಸಿಗುತ್ತಿತ್ತು. ಉಪ್ಪರಿಗೆಯ ನನ್ನ ಕೋಣೆಯಲ್ಲಿ ಮಾತ್ರ ಮೀಟಿಂಗಿನ ಮಧ್ಯೆ ಎಲ್ಲರ ಮುಖವೂ ಕಲ್ಲಾಗುತ್ತಿತ್ತು. ಕಂಪನಿಯವರಿಗೆ ಮೂರು ಸಲ ಫೋನ್ ಮಾಡಿ ಜಗಳವಾಡಿದೆ. ತಪ್ಪು ಅವರದಾಗಿರಲಿಲ್ಲ.

ಅದು ಗೊತ್ತಾಗಿದ್ದು, ಪುಟ್ಟ ಸಂದೇಶ ಕಳಿಸಿ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಒಂದೇ ಒಂದು ಪಿಂಗ್‌ನಿಂದ. ಗೂಗಲ್‌ಗೆ ಅಲ್ಲ, ಮನೆಯ ರೂಟರಿಗೇ, ಅಂದರೆ ಮನೆಯೊಳಗಿನ ಅದರ ವಿಳಾಸವಾದ 192.168.1.1ಕ್ಕೆ. ಚಾವಡಿಯಲ್ಲಿ ಉತ್ತರ ಬರಲು 2-3 ಮಿಲಿಸೆಕೆಂಡ್. ಉಪ್ಪರಿಗೆಯಲ್ಲಿ 300, ಕೆಲವೊಮ್ಮೆ ಉತ್ತರವೇ ಇಲ್ಲ. ರೂಟರಿನ ತನಕದ ಈ ದಾರಿಯಲ್ಲಿ ಹೊರಗಿನ ಇಂಟರ್ನೆಟ್ಟಿನ ಪಾತ್ರವೇ ಇಲ್ಲ. ನನ್ನ ಲ್ಯಾಪ್‌ಟಾಪಿಗೂ ರೂಟರಿಗೂ ನಡುವೆ ಇದ್ದದ್ದು ಗೋಡೆ. ವೈಫೈಯ ಐದು ಗಿಗಾಹರ್ಟ್ಸ್ ಅಲೆ ಎರಡನೇ ಗೋಡೆಗೇ ಸುಸ್ತಾಗುತ್ತಿತ್ತು, 2.4 ಗಿಗಾಹರ್ಟ್ಸಿನದ್ದು ಹೇಗೋ ದಾಟಿದರೂ ತೆವಳುತ್ತಿತ್ತು.

ಮೊದಲು ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ತಂದೆ. ದುಡ್ಡು ದಂಡ. ವೈಫೈಯಲ್ಲಿ ಒಂದು ಚಾನಲ್ಲಿನೊಳಗೆ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ರಿಪೀಟರ್ ಕೇಳಿಸಿಕೊಂಡದ್ದನ್ನೇ ಅದೇ ಚಾನಲ್ಲಿನಲ್ಲಿ ಮತ್ತೆ ಹೇಳುವುದರಿಂದ ವೇಗ ಹೆಚ್ಚುಕಮ್ಮಿ ಅರ್ಧ.

ಕೊನೆಗೆ ರೂಟರಿನಿಂದ ಉಪ್ಪರಿಗೆಗೆ 30 ಮೀಟರ್ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಎಳೆದೆ. ನೂರು ಮೀಟರ್ ತನಕ ಚಿಂತೆಯಿಲ್ಲ. ಅಂಗಡಿಯವನು ಮೊದಲು ತೋರಿಸಿದ್ದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಅಗ್ಗದ್ದು. ಪೂರ್ತಿ ತಾಮ್ರದ್ದೇ ಬೇಕೆಂದು ಹಠ ಹಿಡಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಒಳಗಿನ ಎಂಟು ತಂತಿಗಳ ಈ ಸಾಲನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು, ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ಕ್ರಿಂಪಿಂಗ್‌ಗೆ ಕೂತೆ. ಮೂರು ಕನೆಕ್ಟರ್ ಹಾಳು. ನಾಲ್ಕನೆಯದಕ್ಕೆ ದೀಪ ಹತ್ತಿತು. ಆದರೆ ವೇಗ 94 ಎಂಬಿಪಿಎಸ್‌ಗೇ ನಿಂತಿತು, ಒಂದು ಚೂರೂ ಮೇಲೆ ಹೋಗದು.

ಆ 94 ಒಳ್ಳೆಯ ಸುಳಿವು: ಲಿಂಕ್ ನೂರು ಎಂಬಿಪಿಎಸ್‌ಗೆ ಇಳಿದಿದೆ ಎಂದರ್ಥ. ನೂರರ ಲಿಂಕಿಗೆ 1, 2, 3, 6ನೇ ತಂತಿ ಸಾಕು, ಅದರ ಹತ್ತು ಪಟ್ಟು ವೇಗದ ಗಿಗಾಬಿಟ್‌ಗೆ ಎಂಟೂ ಬೇಕು. ಟಾರ್ಚ್ ಹಿಡಿದು ನೋಡಿದರೆ ಕಂದು ತಂತಿ ಪಿನ್ನಿನ ತನಕ ತಲುಪದೆ ಒಂದು ಎಳ್ಳುಕಾಳಿನಷ್ಟು ಹಿಂದೆಯೇ ನಿಂತಿದೆ! ಕತ್ತರಿಸಿ ಮತ್ತೆ ಹಾಕಿದೆ. ಪಿಂಗ್ ಒಂದು ಮಿಲಿಸೆಕೆಂಡಿಗಿಂತ ಕಡಿಮೆ.

ಫೋನುಗಳಿಗೆಂದು ಹಳೇ ರೂಟರನ್ನು ಮೇಲೆ ಜೋಡಿಸಿದಾಗ ಇನ್ನೊಂದು ಎಡವಟ್ಟು. ಎರಡೂ ರೂಟರ್‌ಗಳು ತಾವೇ ಯಜಮಾನರೆಂದು ವಿಳಾಸ ಹಂಚತೊಡಗಿ, ಅಮ್ಮನ ಧಾರಾವಾಹಿ ಅರ್ಧಕ್ಕೇ ನಿಂತಿತು. ಹಳೆಯದಕ್ಕೆ 192.168.1.2 ಎಂಬ ವಿಳಾಸ ಕೊಟ್ಟು, ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಹೊರಗಿನ ಇಂಟರ್ನೆಟ್ಟಿಗೆಂದಿರುವ ವ್ಯಾನ್ ಪೋರ್ಟಿನಿಂದ ತೆಗೆದು ಮನೆಯೊಳಗಿನ ಸಾಧನಗಳಿಗಿರುವ ಲ್ಯಾನ್ ಪೋರ್ಟಿಗೆ ಚುಚ್ಚಿದ ಮೇಲೆ ಮನೆ ಶಾಂತವಾಯಿತು.

ಫೈಬರ್ ಎಳೆ ಗಾಜಿನದ್ದು, ಸಿಡಿಲಿನ ಕರೆಂಟ್ ಅದರಲ್ಲಿ ಹರಿಯುವುದಿಲ್ಲ. ನಾನು ಎಳೆದದ್ದು ತಾಮ್ರ. ಮೇ ತಿಂಗಳ ಸಂಜೆ ಗುಡುಗಿದರೆ ಈಗ ಅಮ್ಮನೇ ಮೊದಲು ಎದ್ದು ಅಡಾಪ್ಟರನ್ನೂ ಕೇಬಲನ್ನೂ ಕೀಳುತ್ತಾಳೆ, ನಾನು ಮೀಟಿಂಗಿನಲ್ಲಿದ್ದರೂ.