ಹಳೆಯ ನಟ್ಟು, ಬೋಲ್ಟುಗಳ ತುಕ್ಕು: ತೆಗೆಯುವ ಬಗೆ, ಮರಳದಂತೆ ಕಾಯುವ ಬಗೆ

ಹಳೆಯ ವಾಹನವನ್ನು ಬಿಚ್ಚಿದಾಗ ಸಿಗುವ ಬೋಲ್ಟು, ಬ್ರಾಕೆಟ್, ಕ್ಲಿಪ್ಪುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಿ. ಅದೇ ಅಳತೆಯ ಥ್ರೆಡ್, ಅದೇ ಆಕಾರದ ತಲೆ ಮತ್ತೆ ಸಿಗುವುದು ಕಷ್ಟ. ಅವುಗಳ ತುಕ್ಕು ತೆಗೆಯುವುದು ಅಷ್ಟೇನೂ ಕಠಿಣವಲ್ಲ. ತೊಳೆದ ಮೇಲೆ ಲೇಪನ ಬೀಳುವ ತನಕದ ಸ್ವಲ್ಪ ಹೊತ್ತಿನಲ್ಲೇ ಹೆಚ್ಚಿನವರ ಶ್ರಮ ಹಾಳಾಗುತ್ತದೆ.

ಮೊದಲು ಬಿಚ್ಚಬೇಕಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ನಟ್ಟು ಜಾಮ್ ಆಗುವುದು ಅದರಿಂದಲೇ. ತುಕ್ಕಿನೊಳಗೆ ಇಳಿಯುವ ತೆಳು ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಮರುದಿನ ಮೊದಲು ಕೊಂಚ ಬಿಗಿಯುವ ದಿಕ್ಕಿಗೆ, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಆರು ಮೂಲೆಯ ಸಾಕೆಟ್ ಬಳಸಿದರೆ ತಲೆಯ ಅಂಚುಗಳು ಸವೆಯುವುದಿಲ್ಲ.

ಬಿಚ್ಚಿದ್ದನ್ನು ವಿಂಗಡಿಸುವಾಗ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ನಿನ ಬೋಲ್ಟಿನಲ್ಲಿ ಗುಳಿ ಬಿದ್ದಿದ್ದರೆ ಅಥವಾ ಥ್ರೆಡ್ ಸವೆದಿದ್ದರೆ ಅದನ್ನು ಉಳಿಸಬೇಡಿ. ಅದೇ ದರ್ಜೆಯ ಹೊಸದನ್ನು ಹಾಕಿ. ತಲೆಯ ಮೇಲೆ 10.9 ಅಥವಾ 12.9 ಎಂದು ಕೆತ್ತಿದ್ದರೆ ಅದು ಗಡಸು ಉಕ್ಕು. ಆಮ್ಲದಲ್ಲಿ ನೆನೆಸಿದರೆ ಅದರೊಳಗೆ ಹೈಡ್ರೋಜನ್ ಸೇರಿ, ಮುಂದೆ ಭಾರ ಬಿದ್ದಾಗ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಇಂಥವಕ್ಕೆ ವೈರ್ ಬ್ರಷ್ ಸಾಕು. ಹಳೆಯ ಬಿಡಿಭಾಗಗಳಲ್ಲಿ ಕ್ಯಾಡ್ಮಿಯಂ ಲೇಪನವೂ ಇರುವುದುಂಟು. ಅದರ ಧೂಳು, ಹೊಗೆ ಎರಡೂ ವಿಷ. ಅನುಮಾನವಿದ್ದರೆ ಉಜ್ಜಬೇಡಿ, ಕಾಯಿಸಬೇಡಿ, ಆಮ್ಲಕ್ಕೂ ಹಾಕಬೇಡಿ.

ಉಳಿದವುಗಳ ಗ್ರೀಸ್, ಎಣ್ಣೆಯನ್ನು ಸೋಪಿನ ಬಿಸಿನೀರಿನಲ್ಲಿ ಪೂರ್ತಿ ತೊಳೆಯಿರಿ. ಜಿಡ್ಡು ಉಳಿದ ಕಡೆ ಆಮ್ಲ ತಾಗುವುದಿಲ್ಲ. ಸಡಿಲ ಪದರವನ್ನು ಬ್ರಷ್‌ನಿಂದ ಉದುರಿಸಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಭಾಗಗಳು ಮುಳುಗುವಂತೆ ಹಾಕಿ. ವಿನೆಗರ್ ಕೂಡ ಆಗುತ್ತದೆ, ನಿಧಾನ ಅಷ್ಟೆ. ಕೈಗವಸು, ಕನ್ನಡಕ ಇರಲಿ. ಡಬ್ಬಿಯ ಮುಚ್ಚಳವನ್ನು ಬಿಗಿಯಬೇಡಿ, ಗಾಳಿಯಾಡಬೇಕು. ಬ್ಲೀಚ್ ಹತ್ತಿರಕ್ಕೂ ಬರಬಾರದು, ಆಮ್ಲದೊಂದಿಗೆ ಬೆರೆತರೆ ವಿಷಾನಿಲ ಏಳುತ್ತದೆ. ಗಂಟೆ ಎರಡು ಗಂಟೆಗೊಮ್ಮೆ ತೆಗೆದು ಉಜ್ಜಿ ನೋಡಿ. ತುಕ್ಕು ಹೋದ ಮೇಲೂ ಬಿಟ್ಟರೆ ಆಮ್ಲ ಒಳ್ಳೆಯ ಲೋಹವನ್ನೇ ತಿನ್ನತೊಡಗುತ್ತದೆ. ಸತುವಿನ ಲೇಪನವಿದ್ದರೆ ಅದೂ ಕರಗಿ ಹೋಗುತ್ತದೆಂಬುದು ನೆನಪಿರಲಿ.

ಡಬ್ಬಿಯಿಂದ ತೆಗೆಯುವ ಮೊದಲೇ ಬಟ್ಟೆ, ಹೇರ್ ಡ್ರೈಯರ್, ಎಣ್ಣೆ ಅಥವಾ ಪ್ರೈಮರ್ ಎಲ್ಲವೂ ಪಕ್ಕದಲ್ಲಿರಬೇಕು. ಆಮ್ಲದಿಂದ ಹೊರಬಂದ ಕಬ್ಬಿಣ ತೇವದಲ್ಲಿ ಕಣ್ಣೆದುರೇ ಕಂದು ಬಣ್ಣಕ್ಕೆ ತಿರುಗುತ್ತದೆ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ ಉಳಿದ ಆಮ್ಲವನ್ನು ಕೊಲ್ಲಿ, ನಂತರ ಕುದಿನೀರಿನಲ್ಲಿ ಜಾಲಾಡಿಸಿ. ಲೋಹ ಬಿಸಿಯಾದರೆ ನೀರು ತಾನೇ ಬೇಗ ಆರುತ್ತದೆ. ಥ್ರೆಡ್ಡಿನ ಸಂದಿಗೆ ಡ್ರೈಯರಿನ ಬಿಸಿಗಾಳಿ ಹಾಯಿಸಿ. ಈ ಕೆಲಸವನ್ನು ನಾಳೆಗೆ ಬಿಡುವಂತಿಲ್ಲ.

ಬ್ರಾಕೆಟ್, ಹೊರಗಿನ ಪಟ್ಟಿಗಳಿಗೆ ಸತುವಿರುವ ಪ್ರೈಮರ್, ಮೇಲೆ ಬಣ್ಣ. ಈ ಪ್ರೈಮರ್ ಬೆತ್ತಲೆ ಕಬ್ಬಿಣಕ್ಕೇ ಅಂಟಬೇಕು. ಕಬ್ಬಿಣದ ಬದಲು ಸತು ತಾನು ಸವೆದು ಕಾಯುವುದು ಎರಡರ ನೇರ ಸಂಪರ್ಕದಿಂದ. ತುಕ್ಕಿನ ಮೇಲೆ ಬಳಿದರೆ ಆ ಗುಣ ಕೆಲಸ ಮಾಡುವುದಿಲ್ಲ. ಗುಳಿಗಳಲ್ಲಿ ತುಕ್ಕು ಉಳಿದೇ ಉಳಿದರೆ ಫಾಸ್ಫಾರಿಕ್ ಆಮ್ಲವಿರುವ ಕನ್ವರ್ಟರ್ (ತುಕ್ಕನ್ನೇ ಗಟ್ಟಿ ಪದರವಾಗಿ ಬದಲಿಸುವ ದ್ರವ) ಬಳಿಯಬಹುದು, ಆದರೆ ಅದನ್ನೇ ಮೊದಲ ದಾರಿ ಮಾಡಿಕೊಳ್ಳಬೇಡಿ. ಬೋಲ್ಟುಗಳಿಗೆ ಬಣ್ಣ ಬಳಿದರೆ ನಟ್ಟು ಕೂರುವುದಿಲ್ಲ; ಎಣ್ಣೆಯೋ ವ್ಯಾಕ್ಸೋ ಹಚ್ಚಿಡಿ. ಮಳೆನೀರು ತಾಗುವ ಜಾಗದವಕ್ಕೆ ಸತುವಿನ ಲೇಪನ ಮಾಡಿಸುವುದೇ ಮೇಲು.

ಮರಳಿ ಜೋಡಿಸುವಾಗ ಥ್ರೆಡ್ಡಿಗೆ ಎಣ್ಣೆ ಅಥವಾ ಗ್ರೀಸ್ ಇದ್ದರೆ ಟಾರ್ಕ್ ರೆಂಚಿನ (ಎಷ್ಟು ಬಲದಿಂದ ತಿರುಗಿಸಿ ಬಿಗಿದಿರಿ ಎಂದು ಅಳೆಯುವ ಸ್ಪ್ಯಾನರ್) ಲೆಕ್ಕ ಬದಲಾಗುತ್ತದೆ. ಒಣ ಥ್ರೆಡ್ಡಿಗೆ ಕೊಟ್ಟ ಅಂಕಿಯಷ್ಟೇ ಬಿಗಿದರೆ ಬೋಲ್ಟಿನ ಮೇಲೆ ಎಳೆತ ವಿಪರೀತವಾಗುತ್ತದೆ, ಆದ್ದರಿಂದ ಸರ್ವಿಸ್ ಪುಸ್ತಕ ಯಾವ ಸ್ಥಿತಿಗೆ ಅಂಕಿ ಕೊಟ್ಟಿದೆ ಎಂದು ನೋಡಿ. ಬಿಗಿದ ಮೇಲೆ ತಲೆಯ ಸುತ್ತ ಒಂದು ಪದರ ವ್ಯಾಕ್ಸ್ ಸಿಂಪಡಿಸಿ. ಸ್ಪ್ಯಾನರ್ ತಾಗಿ ಲೇಪನ ಕಿತ್ತುಬಂದ ಕಡೆಯಿಂದಲೇ ತುಕ್ಕು ಮೊದಲು ಒಳಗೆ ನುಗ್ಗುತ್ತದೆ.